ಬಾವಾಜಿ ಬಾರಿನ ವಹಿಯಲ್ಲಿ ಕಂಡ ಹೆಸರು

ಅದು 1971ನೆಯ ಇಸವಿ. ಯುಗಾದಿ ಮುಗಿದು ಶಾಲೆಗಳು ಬೆಳಗಿನ ಹೊತ್ತಿಗೆ ಬದಲಾಗಿದ್ದವು. ನಾನಾಗ ಅಕ್ಕಲಕೋಟದ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ. ವಯಸ್ಸು ಇಪ್ಪತ್ಮೂರು. ಆ ಬೇಸಿಗೆಯ ಒಂದು ಭಾನುವಾರ ಹಾಡುಹಗಲೇ, ಒಬ್ಬಳೇ, ಸೊಲ್ಲಾಪುರದ ಒಂದು ಹಳೆಯ ಬಾರಿನ ಮೆಟ್ಟಿಲು ಹತ್ತಿದೆ. ಕುಡಿಯಲಿಕ್ಕಲ್ಲ, ಗಾಬರಿಯಾಗಬೇಡಿ. ಒಬ್ಬ ಹುಡುಗ ಕುಡಿಯುತ್ತಾನೋ ಇಲ್ಲವೋ ಎಂದು ಕೇಳಲಿಕ್ಕೆ. ಇಷ್ಟು ವರ್ಷ ಇದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಿದ್ದರೆ ಇಬ್ಬರು ಹಿರಿಯರಿಗೆ ತೊಂದರೆಯಾಗುತ್ತಿತ್ತು. ಈಗ ಅವರಿಬ್ಬರೂ ಇಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಾನು ಟ್ರೇನಿಂಗ್ ಮುಗಿಸಿದ ವರ್ಷವೇ ತೀರಿಕೊಂಡರು. ಮನೆಯಲ್ಲಿ ಅವ್ವ, ನಮ್ಮ ಅಕ್ಕ ಶಾಂತಾ, ಅವಳ ಮಗು ಮತ್ತು ನಾನು. ಸೊಲ್ಲಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಕಾಕಾ, ಅಂದರೆ ಅಪ್ಪನ ತಮ್ಮ, ನಮಗೆ ಹಿರಿಯ. ಅಕ್ಕನ ಮದುವೆಯನ್ನು ಗೊತ್ತುಮಾಡಿದವನೂ ಅವನೇ. ಆಗ ಅವನೇ ಹೋಗಿ ಗಂಡಿನ ಮನೆಯ ಚೌಕಶಿ, ಅಂದರೆ ವಿಚಾರಣೆ, ಮಾಡಿ ಬಂದಿದ್ದ. "ಮನೆತನ ಭಾಳ ಚೊಲೊ ಅದ. ಹುಡುಗ ಎಷ್ಟು ಸಂಭಾವಿತ ಅಂದ್ರ, ಹಿರಿಯರ ಮುಂದ ಕಣ್ಣ ಎತ್ತಂಗಿಲ್ಲ" ಎಂದು ಹೊಗಳಿದ್ದೇ ಹೊಗಳಿದ್ದು. ಕಣ್ಣು ಎತ್ತಿದರೆ ಕೆಂಪಗಿರುವುದು ಕಾಣುತ್ತಿತ್ತಲ್ಲ! ನಾಲ್ಕು ವರ್ಷ ಒದೆ ತಿಂದು, ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು, ಮಗುವನ್ನೆತ್ತಿಕೊಂಡು ಅಕ್ಕ ತಿರುಗಿ ಬಂದಳು. ಬಂದ ಮೇಲೆ ಆ ವಿಷಯ ಮಾತಾಡಲೇ ಇಲ್ಲ, ಜಂಪರು ಹೊಲಿಯುತ್ತ ಕುಳಿತುಬಿಟ್ಟಳು. ಅವಳ ಮಿಷಿನ್ನಿನ ಸದ್ದು ಕೇಳುತ್ತ ನಾನು ಒಂದು ನಿಶ್ಚಯ ಮಾಡಿಕೊಂಡಿದ್ದೆ. ಕುಡಿಯುವವನ ಮನೆಗೆ ನಾನಂತೂ ಹೋಗುವುದಿಲ್ಲ. ಹಾಗೆ ಹೋಗುವುದಕ್ಕಿಂತ ಜನ್ಮವಿಡೀ ಮಗ್ಗಿ ಕಲಿಸುತ್ತ ಇರುತ್ತೇನೆ.

ಹಾಗಿರುವಾಗ ನನಗೊಂದು ಸಂಬಂಧ ಬಂತು. ಹುಡುಗ ಸೊಲ್ಲಾಪುರದಲ್ಲಿ ಬ್ಯಾಂಕಿನ ನೌಕರ. ನಿಜವಾದ ಹೆಸರು ಬೇಡ, ವಸಂತ ಎಂದು ಕರೆಯುತ್ತೇನೆ. ತಾಯಿ ಇಲ್ಲ. ತಂದೆ ಗಿರಣಿಯ ಆಫೀಸಿನಲ್ಲಿದ್ದು ನಿವೃತ್ತರಾದವರು. ಅಪ್ಪ ಮಗ ಇಬ್ಬರೇ. ನೋಡಲು ಬಂದ ದಿನ ವಸಂತ ನನ್ನನ್ನು, "ಎಷ್ಟು ಮಕ್ಕಳದಾರ ನಿಮ್ಮ ವರ್ಗದಾಗ?" ಎಂದು ಕೇಳಿದರು.

"ಎಂಬತ್ತೊಂದು. ಕೂಡಾಕ ಜಾಗಾ ಐವತ್ತು ಮಂದಿಗೆ ಅದ" ಎಂದೆ.

"ಮತ್ತ ಉಳದವರು?"

"ಅವರಿಗೆ ದಿನಾ ಒಂದಿಷ್ಟು ತಪ್ಪು ಹುಡುಕಿ ನಿಂದರಸ್ತೀನಿ."

ಅವರು ಒಮ್ಮೆಲೇ ಎಷ್ಟು ಜೋರಾಗಿ ನಕ್ಕರೆಂದರೆ ಕೈಯಲ್ಲಿದ್ದ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. ಅವ್ವ ಗಾಬರಿಯಾಗಿ ನೀರು ತಂದಳು. ಕಾಕಾ ನನ್ನ ಕಡೆ ಕಣ್ಣು ಬಿಟ್ಟ. ವಸಂತ ಮಾತ್ರ ಬಟ್ಟೆ ಒರೆಸಿಕೊಳ್ಳುತ್ತ ಇನ್ನೂ ನಗುತ್ತಲೇ ಇದ್ದರು.

ಎಂಟು ದಿನಕ್ಕೆ ಅವರ ಕಡೆಯಿಂದ ಒಪ್ಪಿಗೆಯ ಪತ್ರ ಬಂತು. ವಸಂತರೇ ಬರೆದದ್ದು, ಕೆಳಗೆ ಅವರದೇ ಸಹಿ. "ಚೌಕಶಿ ಎಲ್ಲಾ ಮುಗದದ. ಹುಡುಗ ಅಪ್ಪಟ ಬಂಗಾರ" ಎಂದ ಕಾಕಾ. ಅವನ ಬಾಯಿಂದ ಆ ಮಾತು ಬಂದದ್ದೇ ಅಕ್ಕನ ಗಂಡನನ್ನು ಅವನು ಹೊಗಳಿದ್ದು ನೆನಪಾಯಿತು.

ನಮ್ಮ ಶಾಲೆಯಲ್ಲಿ ಕುಸುಮಕ್ಕ ಎಂಬ ಹಿರಿಯ ಟೀಚರ್ ಇದ್ದರು. ಅವರ ತವರು ಸೊಲ್ಲಾಪುರ. ಅವರ ಹತ್ತಿರ ನನ್ನ ಸಂಕಟ ಹೇಳಿಕೊಂಡೆ. ಅವರು ಅತ್ತಿತ್ತ ನೋಡಿ ದನಿ ಇಳಿಸಿದರು. "ಸೊಲ್ಲಾಪುರದಾಗ ಖರೇ ಚೌಕಶಿ ಮನ್ಯಾಗ ಆಗಂಗಿಲ್ಲವಾ, ಬಾವಾಜಿ ಬಾರಿನಾಗ ಆಗ್ತದ. ಹೆಣ್ಣಿನ ಅಪ್ಪಗೋಳು ಮುಂಜಾನೆ ಅಂಗಡಿ ತೆರೀಕಿಂತ ಮದಲ ಹೋಗಿ, ನಮ್ಮ ಆಗೂ ಅಳಿಯ ಇಲ್ಲಿ ಬರ್ತಾನೇನ್ರಿ ಅಂತ ಕೇಳಿ ಬರ್ತಾರ. ನಮ್ಮಪ್ಪನೂ ಹೋಗಿದ್ದ."

"ಅವರು ಹೇಳ್ತಾರೇನು?"

"ಅದು ನಂಗ ಗೊತ್ತಿಲ್ಲ. ಅಪ್ಪ ಬಂದು ಲಗ್ನ ಮಾಡಿದ ಅಷ್ಟಽ."

ನನಗೆ ಅಪ್ಪ ಇಲ್ಲ. ಕಾಕಾನನ್ನು ಕಳಿಸಿದರೆ ಮತ್ತೆ ಬಂಗಾರವನ್ನೇ ತರುತ್ತಾನೆ. ನಾನು ಮೊದಲಿನಿಂದಲೂ ಜಗಮೊಂಡಿ. ಟೀಚರುಗಳ ಮೀಟಿಂಗ್ ಇದೆ ಎಂದು ಅವ್ವನಿಗೆ ಸುಳ್ಳು ಹೇಳಿ, ಭಾನುವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ.

ಬಾರು ಸ್ಟೇಷನ್ ಕಡೆಯ ಒಂದು ಓಣಿಯಲ್ಲಿತ್ತು. ಕಲ್ಲಿನ ಕಟ್ಟಡ, ಎತ್ತರದ ಬಾಗಿಲು, ಮೇಲೆ 'ರೆಸ್ಟೋರಂಟ್ ಮತ್ತು ಪರಮಿಟ್ ರೂಮ್' ಎಂದು ಮರಾಠಿಯಲ್ಲಿ ಹಲಗೆ. ಈಗಿನವರಿಗೆ ಈ ಪರಮಿಟ್ಟಿನ ವಿಷಯ ತಿಳಿಯಲಿಕ್ಕಿಲ್ಲ. ಮಹಾರಾಷ್ಟ್ರದಲ್ಲಿ ಆಗ ಯಾರೂ ಸುಮ್ಮನೆ ಹೋಗಿ ಕುಡಿಯುವಂತಿರಲಿಲ್ಲ. ತಬ್ಬೇತಿಗೆ, ಅಂದರೆ ಆರೋಗ್ಯಕ್ಕೆ, ಬೇಕು ಎಂದು ಡಾಕ್ಟರರಿಂದ ಚೀಟಿ ಬರೆಸಿ ಅರ್ಜಿ ಹಾಕಿದರೆ ಸರಕಾರ ಒಂದು ಪರಮಿಟ್ ಕೊಡುತ್ತಿತ್ತು. ಒಬ್ಬನಿಗೆ ತಿಂಗಳಿಗೆ ಇಷ್ಟೇ ಎಂದು ಅಳತೆ. ಅಂಥವರು ಕುಳಿತು ಕುಡಿಯುವ ಜಾಗವೇ ಪರಮಿಟ್ ರೂಮ್. ಊರಲ್ಲಿ ಅಷ್ಟು ಜನಕ್ಕೆ ಒಮ್ಮೆಲೇ ತಬ್ಬೇತು ಕೆಟ್ಟದ್ದು ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ಬಾಗಿಲ ಮುಂದೆ ಮೂರು ಸಲ ಹಾಯ್ದು ಹೋದೆ. ನಾಲ್ಕನೆಯ ಸಲ ಎದುರಿನ ಸೈಕಲ್ ಅಂಗಡಿಯವನು ಕೆಲಸ ಬಿಟ್ಟು ನನ್ನನ್ನೇ ನೋಡತೊಡಗಿದ. ಇನ್ನು ಇಲ್ಲಿ ನಿಂತರೆ ಮಾನ ಹೋಗುತ್ತದೆ ಎಂದುಕೊಂಡು ಸೆರಗು ಹೊದ್ದು ಒಳಗೆ ನುಗ್ಗಿಬಿಟ್ಟೆ.

ಒಳಗೆ ಒಬ್ಬರೇ ಇದ್ದರು. ಅರವತ್ತರ ಆಸುಪಾಸಿನವರು, ಬಿಳಿ ಧೋತರ, ಅರ್ಧ ತೋಳಿನ ಅಂಗಿ. ಗಲ್ಲಾದ ಹಿಂದೆ ನಿಂತು ಗಾಜಿನ ಲೋಟಗಳನ್ನು ಒರೆಸುತ್ತಿದ್ದರು. "ಇನ್ನಾ ತೆರದಿಲ್ಲ್ರಿ. ಯಾರು ಬೇಕಾಗಿತ್ತು ಬಾಯಿ?" ಎಂದರು.

"ಒಂದು ಚೌಕಶಿ ಮಾಡೂದಿತ್ತು."

"ಅಪ್ಪಾ ಅವರು ಹೊರಗ ನಿಂತಾರೇನು? ಒಳಗ ಕರೀರಿ."

"ಅಪ್ಪ ಇಲ್ಲ್ರಿ. ಯಾರೂ ಬಂದಿಲ್ಲ. ಹುಡುಗಿ ನಾನಽ."

ಅವರು ಲೋಟವನ್ನು ಕೆಳಗಿಟ್ಟರು. "ಅಯ್ಯ ಶಿವನೇ! ಇಷ್ಟು ವರ್ಷದಾಗ ಅಪ್ಪಗೋಳು ಬಂದಾರ, ಸೋದರಮಾವಗೋಳು ಬಂದಾರ, ಒಂದು ಸಲ ಒಬ್ಬಾಕಿ ಅಜ್ಜಿನೂ ಬಂದಿದ್ಲು. ಹುಡುಗಿ ತಾನಽ ಬಂದಿದ್ದು ಇದಽ ಮೊದಲು. ಕೂಡ್ರಿ, ಕೂಡ್ರಿ. ಅಲ್ಲಿ ಬ್ಯಾಡ, ಆ ಕಡೆ. ಅದು ಬರೇ ಚಹಾ ಕುಡಿಯೋರ ಟೇಬಲ್."

ಅವರೇ ಮಾಲಕರು, ನರಸಪ್ಪ. ಒಳಗಿನಿಂದ ಚಹಾ ತಂದಿಟ್ಟರು. ನಾನು ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಮಾಡಿದರು. "ಹೆಸರು ಹೇಳಬ್ಯಾಡ್ರಿ. ನೀವು ಹೇಳಿದ್ರ ನಂಗ ಗೊತ್ತಾಗ್ತದ, ಗೊತ್ತಾದ್ರ ನನ್ನ ಮುಖ ಹೇಳ್ತದ. ಬಂದವರಿಗೆಲ್ಲಾ ಇಷ್ಟಽ, ಚಹಾ ಕುಡಿಸಿ ಕಳಸ್ತೀನಿ. ಈ ಅಂಗಡಿ ಹುಟ್ಟಿದಾಗಿಂದ ಇಲ್ಲಿ ಗಿರಾಕಿ ಹೆಸರು ಹೊರಗ ಹೋಗಿಲ್ಲ."

ನನಗೆ ರೇಗಿತು. "ಒಬ್ಬಾಕಿ ಬಾಳ್ವೆ ಹಾಳಾದ್ರೂ ಹೇಳಂಗಿಲ್ಲೇನ್ರಿ? ನಮ್ಮಕ್ಕನ ಬಾಳ್ವೆ ಹಿಂಗಽ ಹಾಳಾತು" ಎಂದೆ. ನನ್ನ ಊರು, ಕೆಲಸ, ಅಕ್ಕನ ಕತೆ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಬಾರಿನಲ್ಲಿ ಕುಳಿತು ಅಳುವ ಹೆಂಗಸು! ಯಾರಾದರೂ ನೋಡಿದ್ದರೆ ನನ್ನ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ನರಸಪ್ಪನವರು ಎದುರಿನ ಕುರ್ಚಿಯಲ್ಲಿ ಕುಳಿತರು. ಯಾಕೆ ಹೇಳುವುದಿಲ್ಲ ಎಂಬುದನ್ನು ಮೊದಲಿನಿಂದ ಹೇಳಿದರು.

ಆ ಬಾರನ್ನು ಇಂಗ್ಲಿಷರ ಕಾಲದಲ್ಲಿ ಕಟ್ಟಿದವರು ಒಬ್ಬ ಪಾರಸಿ. ಊರವರು ಅವರನ್ನು ಬಾವಾಜಿ ಎನ್ನುತ್ತಿದ್ದರು, ಬಾರಿಗೂ ಅದೇ ಹೆಸರು ನಿಂತಿತು. ಗಿರಣಿಯ ಬಿಳಿ ಸಾಹೇಬರು, ರೈಲ್ವೆಯ ಡ್ರೈವರುಗಳು, ನಮ್ಮ ಕಡೆಯ ವಕೀಲರು, ಎಲ್ಲರೂ ಅಲ್ಲಿಗೆ ಬರುವವರೇ. ಬೆಳಿಗ್ಗೆ ಗಿರಣಿಯಲ್ಲಿ ಬೈದವನೂ ಬೈಸಿಕೊಂಡವನೂ ಸಂಜೆ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಹೆಸರು ಹಿಡಿದು ಕರೆದರೆ ಜಗಳವೇ ಆದೀತು. ಅದಕ್ಕೆ ಬಾವಾಜಿ ಒಂದು ಪದ್ಧತಿ ಮಾಡಿದರು. ಒಳಗೆ ಬಂದವನಿಗೆ ಹೆಸರಿಲ್ಲ, ಕೂತ ಜಾಗವೇ ಹೆಸರು. ಕಿಟಕಿಯ ಹತ್ತಿರ ಕೂತವನು ಕಿಟಕಿ ಸಾಹೇಬ, ಗಡಿಯಾರದ ಕೆಳಗಿನವನು ಗಡಿಯಾರ ಮಾಸ್ತರ, ಕಂಬಕ್ಕೆ ಒರಗಿದವನು ಕಂಬದ ವಕೀಲ. "ಒಬ್ಬರು ಇಪ್ಪತ್ತು ವರ್ಷ ಕಂಬದ ವಕೀಲರಾಗಿದ್ರು. ತೀರಿಕೊಂಡಾಗ ಮಣ್ಣಿಗೆ ಹೋದ ಮ್ಯಾಲ ಗೊತ್ತಾತು, ಅವರು ವಕೀಲರಽ ಅಲ್ಲ, ಪೋಸ್ಟಿನಾಗ ಇದ್ರು ಅಂತ" ಎಂದು ನರಸಪ್ಪ ನಕ್ಕರು. ಅಳುತ್ತಿದ್ದ ನನಗೂ ನಗು ಬಂತು.

ಬಾವಾಜಿಗೆ ಮಕ್ಕಳಿರಲಿಲ್ಲ. ಟೇಬಲ್ ನೋಡಿಕೊಳ್ಳುತ್ತಿದ್ದ ನರಸಪ್ಪನವರ ತಂದೆಗೆ ಅಂಗಡಿ ಬಿಟ್ಟುಕೊಟ್ಟು ಹೋದರು. ಆಮೇಲೆ ಸ್ವಾತಂತ್ರ್ಯ ಬಂತು, ಹಿಂದೆಯೇ ದಾರೂಬಂದಿಯೂ ಬಂತು. ಬಾಟಲಿಗಳೆಲ್ಲ ಹೋದವು. ಬೇರೆಯವರಾಗಿದ್ದರೆ ಕದ ಹಾಕಿ ಬೇರೆ ಕಸುಬು ಹಿಡಿಯುತ್ತಿದ್ದರು. ಅವರ ತಂದೆ ಚಹಾ, ಆಮ್ಲೆಟ್, ಸೋಡಾ ಮಾರುತ್ತ ಅಂಗಡಿ ನಡೆಸಿದರು. ದಾರೂ ಇಲ್ಲದಿದ್ದರೂ ಹಳೆಯ ಗಿರಾಕಿಗಳು ಬಂದು ತಮ್ಮ ತಮ್ಮ ಜಾಗದಲ್ಲೇ ಕೂತು ಸೋಡಾ ಕುಡಿದು ಹೋಗುತ್ತಿದ್ದರಂತೆ. ಪರಮಿಟ್ ಪದ್ಧತಿ ಬಂದಾಗ ನರಸಪ್ಪನವರು ಓಡಾಡಿ ಲಾಯ್ಸೆನ್ಸ್ ತಂದರು. ಆದರೆ ಸರಕಾರ ಅದರ ಜೊತೆಗೆ ಒಂದು ವಹಿಯನ್ನೂ ಇಡಿಸಿತು. ಯಾರು ಬಂದರು, ಅವರ ಹೆಸರು, ಪರಮಿಟ್ ನಂಬರು, ಎಷ್ಟು ಕುಡಿದರು, ಸಹಿ.

"ಅಪ್ಪ ಆ ವಹಿ ನೋಡಿ, 'ನರಸ್ಯಾ, ಇದರಾಗ ಹೆಸರು ಬರಸಾವ ನಾನಲ್ಲ' ಅಂದು ಗಲ್ಲಾದಿಂದ ಎದ್ದಾವ ಮತ್ತ ಈ ಅಂಗಡಿ ಮೆಟ್ಟಲಾ ಹತ್ತಲಿಲ್ಲ. ಸಾಯೂತನಕಾ ಹತ್ತಲಿಲ್ಲ. ಈಗ ಹೇಳ್ರಿ ತಂಗಿ, ನಾ ಹೆಂಗ ಹೇಳ್ಲಿ?"

ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಮಂಜುಗಡ್ಡೆ ತರುವ ಬರ್ಫಿನ ಗಾಡಿಯವನು ಕೂಗಿದ. ನರಸಪ್ಪನವರು ಎದ್ದು ಹೋದರು. ನಾನು ಕುಳಿತಲ್ಲಿಂದ ಗಲ್ಲಾ ನಾಲ್ಕು ಹೆಜ್ಜೆ. ಅದರ ಮೇಲೆ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿ ಇತ್ತು. ನಾನು ಎದ್ದೆ. ನನ್ನ ಶಾಲೆಯಲ್ಲಿ ಒಂದು ಮಗು ನನ್ನ ಟೇಬಲ್ಲಿನ ಪುಸ್ತಕ ಮುಟ್ಟಿದರೆ ಕೈಗೆ ಛಡಿ ಏಟು ಕೊಡುತ್ತಿದ್ದವಳು ನಾನು!

ಎರಡು ಪುಟ ತಿರುವಿದೆ. ಮೂರನೆಯ ಪುಟದಲ್ಲಿ ಸಿಕ್ಕಿತು. ಹೆಸರು ಪೂರ್ತಿ ಬರೆದಿತ್ತು, ಪಕ್ಕದಲ್ಲಿ ಸಹಿ. ಪತ್ರದಲ್ಲಿ ನೋಡಿದ್ದ ಅದೇ ಸಹಿ. ಇನ್ನೂ ಹಿಂದಿನ ಪುಟಗಳಲ್ಲೂ ಇತ್ತು. ವಾರಕ್ಕೆ ಎರಡು ಸಲ, ತಪ್ಪದೆ.

ಕೈಯಲ್ಲಿ ಬರ್ಫಿನ ಗೋಣಿ ಹಿಡಿದು ನರಸಪ್ಪ ಒಳಗೆ ಬಂದರು. ವಹಿಯ ಮುಂದೆ ನಿಂತ ನನ್ನನ್ನು ಕಂಡು ಗೋಣಿಯನ್ನು ಅಲ್ಲೇ ಬಿಟ್ಟರು. "ತಂಗಿ! ಅದನ್ನ ಯಾಕ ಮುಟ್ಟಿದ್ರಿ? ತಡೀರಿ, ಅದರಾಗ ಬರದದ್ದು ಎಲ್ಲಾ ಖರೇ ಅಂತ..."

ಪೂರ್ತಿ ಕೇಳುವ ತಾಳ್ಮೆ ಯಾರಿಗಿತ್ತು? "ಸಾಕ್ರಿ, ನನಗ ಬೇಕಾದ್ದು ಸಿಕ್ತು" ಎಂದು ಹೊರಗೆ ನಡೆದೆ. ಸೈಕಲ್ ಅಂಗಡಿಯವನು ಈಗಲೂ ನೋಡುತ್ತಿದ್ದ. ನೋಡಲಿ ಎಂದುಕೊಂಡೆ.

ಅಲ್ಲಿಂದ ನೆಟ್ಟಗೆ ಕಾಕಾನ ಅಂಗಡಿಗೆ ಹೋದೆ. ಗಿರಾಕಿಗಳು ತುಂಬಿದ್ದರು. ಕಾಕಾ ಇಳಕಲ್ ಸೀರೆ ಬಿಚ್ಚಿ ತೋರಿಸುತ್ತಿದ್ದ. ಒಂದು ಪಕ್ಕಕ್ಕೆ ಕರೆದು ಹೇಳಬೇಕೆಂಬ ಬುದ್ಧಿಯೂ ನನಗೆ ಬರಲಿಲ್ಲ. "ಕಾಕಾ, ಆ ಸಂಬಂಧ ಬ್ಯಾಡ. ಹುಡುಗ ಕುಡೀತಾನ" ಎಂದೆ.

"ಯಾರವಾ ಹೇಳಿದಾವ?"

"ಯಾರೂ ಹೇಳಿಲ್ಲ. ನಾನಽ ಕಣ್ಣಾರೆ ನೋಡೀನಿ."

ನೋಡಿದ್ದು ಸಹಿಯನ್ನು. ಹೇಳಿದ್ದು ಕುಡಿಯುವುದನ್ನು ನೋಡಿದಂತೆ. ಅಂಗಡಿಯಲ್ಲಿದ್ದ ಹೆಂಗಸರು ಸೀರೆ ಬಿಟ್ಟು ನನ್ನ ಕಡೆ ತಿರುಗಿದರು. "ಯಾವ ಹುಡುಗ್ರಿ? ಆ ಬ್ಯಾಂಕಿನಾವನಽ?" ಎಂದು ಒಬ್ಬಳು ಕೇಳಿಯೂ ಬಿಟ್ಟಳು. ಕಾಕಾ ಹಣೆ ಗಟ್ಟಿಸಿಕೊಂಡ. ಆದರೆ ಶಾಂತಾಳ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡವನಲ್ಲವೇ, ನನಗೆ ಎದುರಾಡಲಿಲ್ಲ. ಮರುದಿನವೇ ಸಂಬಂಧ ಬೇಡವೆಂದು ಹೇಳಿ ಕಳಿಸಿದ. ಕಾರಣವನ್ನೂ ಹೇಳಿ ಕಳಿಸಿದ. ಆ ಕಡೆಯಿಂದ ಏನೂ ಜಗಳ ಬರಲಿಲ್ಲ. "ಅವರ ಇಚ್ಛಾ" ಎಂದರಂತೆ ವಸಂತ, ಅಷ್ಟೇ.

ನಾನು ಗೆದ್ದವಳ ಹಾಗೆ ಊರಿಗೆ ಬಂದೆ. ಅವ್ವ ನನ್ನ ತಲೆ ಸವರಿದಳು. ಶಾಂತಕ್ಕ ಮಿಷಿನ್ ನಿಲ್ಲಿಸಿ, "ಪಾರಾದೆ ಬಿಡು" ಎಂದಳು. ನನಗೆ ಮಾತ್ರ ಸಮಾಧಾನ ಎಂಬುದು ಬರಲಿಲ್ಲ. ಎರಡು ದಿನ ಊಟ ಸೇರಲಿಲ್ಲ.

ಅದಾದ ಮುಂದಿನ ವಾರ, ಗುರುವಾರ. ಶಾಲೆ ಬಿಡುವ ಹೊತ್ತು. ಒಂದು ಹುಡುಗಿ ಓಡಿ ಬಂದು, "ಟೀಚರ್, ನಿಮ್ಮ ಅಜ್ಜ ಬಂದಾರ" ಎಂದಳು. ಯಾವ ಅಜ್ಜ ಎಂದು ಹೊರಗೆ ಬಂದರೆ ಅಂಗಳದ ಬೇವಿನ ಗಿಡದ ಕೆಳಗೆ ನರಸಪ್ಪನವರು ನಿಂತಿದ್ದರು. ಕೈಯಲ್ಲಿ ಮಠದ ಪ್ರಸಾದದ ಪೊಟ್ಟಣ. ಅಕ್ಕಲಕೋಟದ ಮಠಕ್ಕೆ ನಡೆದುಕೊಳ್ಳುವವರು ಅವರು. ಗುರುವಾರ ಬಾರು ಮುಚ್ಚಿ ದರ್ಶನಕ್ಕೆ ಬರುವುದು ರೂಢಿಯಂತೆ. ಸೊಲ್ಲಾಪುರದಲ್ಲಿ ನನ್ನ ಊರು, ಕೆಲಸ ಎರಡನ್ನೂ ಬಾಯಿಬಿಟ್ಟು ಹೇಳಿದ್ದೆನಲ್ಲ, ನಾಲ್ಕು ಕಡೆ ಕೇಳಿ ಹುಡುಕಿಕೊಂಡು ಬಂದಿದ್ದರು.

ಮಕ್ಕಳೆಲ್ಲ ಹೋಗುವವರೆಗೆ ಕಾದರು. ಆಮೇಲೆ ಹೇಳಿದರು. "ಆ ಹುಡುಗ ಕುಡ್ಯಾಂಗಿಲ್ಲ ತಂಗಿ. ಒಂದು ಹನಿ ಬಾಯಿಗೆ ಹಾಕ್ಯಾಂವ ಅಲ್ಲ. ಸಹಿ ಮಗಂದು, ಗ್ಲಾಸು ಅಪ್ಪಂದು."

ನನಗೆ ಅರ್ಥವಾಗಲಿಲ್ಲ ಎಂದು ಕಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ವಸಂತರ ತಂದೆಗೆ ಹೆಂಡತಿ ಸತ್ತ ಮೇಲೆ ಕುಡಿತ ಹತ್ತಿತ್ತು. ಅವರದೂ ಒಂದು ಪರಮಿಟ್ ಇತ್ತು. ಅದರ ಅಳತೆ ಅರ್ಧ ತಿಂಗಳಿಗೇ ಮುಗಿಯುತ್ತಿತ್ತು. ಮುಗಿದ ಮೇಲೆ ಗಿರಣಿ ಚಾಳಿನ ಹಿಂದೆ ಕದ್ದು ಸಾರಾಯಿ ಕಾಯಿಸುವ ಹಾತಭಟ್ಟಿಗೆ ಹೋಗುತ್ತಿದ್ದರು. ಅದನ್ನು ಕುಡಿದು ಕಣ್ಣು ಕಳೆದುಕೊಂಡವರು ಆ ಚಾಳಿನಲ್ಲೇ ಇದ್ದರು. ಮಗ ಬೇಡಿಕೊಂಡ, ಜಗಳಾಡಿದ, ಕೋಣೆಗೆ ಬೀಗ ಹಾಕಿ ನೋಡಿದ. ಯಾವುದೂ ಆಗದೆ ಕೊನೆಗೆ ತನ್ನ ಹೆಸರಿನಲ್ಲೇ ಒಂದು ಪರಮಿಟ್ ತೆಗೆಸಿದ. ವಾರಕ್ಕೆ ಎರಡು ದಿನ, ಎರಡೇ ಗ್ಲಾಸು, ಬಾವಾಜಿ ಬಾರಿನಲ್ಲಿ. ತಾನು ಸಹಿ ಮಾಡಿ ಹೊರಗಿನ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂರುವುದು, ಅಪ್ಪ ಮುಗಿಸಿ ಬಂದರೆ ಮನೆಗೆ ಕರೆದೊಯ್ಯುವುದು. ಹಾಗೆ ಮಾಡಿದ ಮೇಲೆ ಮುದುಕರು ಹಾತಭಟ್ಟಿಯ ಕಡೆ ಹೋಗುವುದು ನಿಂತಿತ್ತು.

"ಹೋದ ಶನಿವಾರ ಮುದುಕ ನನ್ನ ಮುಂದ ಕೂತು ಅತ್ತ. 'ನನ್ನ ಮಗ ಎಲ್ಲೋ ಕದ್ದು ಕುಡ್ಯಾಕತ್ತಾನಂತ ನರಸಪ್ಪಾ, ಬಂದ ಹೆಣ್ಣು ತಪ್ಪಿಹೋತು. ಕೇಳಿದ್ರ ಬಾಯಿ ಬಿಡಂಗಿಲ್ಲ' ಅಂತ. ಆಗ ನಂಗ ತಿಳೀತು, ನೀವು ವಹ್ಯಾಗ ನೋಡಿದ್ದು ಯಾರ ಹೆಸರಂತ. ತನ್ನ ಸಲುವಾಗಿನಽ ತಪ್ಪಿದ್ದು ಅಂತ ಅವಗ ಗೊತ್ತಿಲ್ಲ. ಮಗ ಹೇಳಿಲ್ಲ. ಬ್ಯಾಂಕಿನಾಗ ಮ್ಯಾನೇಜರನೂ ಕರದು ಕೇಳಿದನಂತ. ಅಲ್ಲೂ ಹೇಳಿಲ್ಲ."

ನಾನು ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನರಸಪ್ಪ ಕೈ ಮುಗಿದರು. ಅಷ್ಟು ದೊಡ್ಡವರು ನನಗೆ ಕೈ ಮುಗಿದದ್ದು! "ಒಬ್ಬನ ಪರಮಿಟ್ ಮ್ಯಾಲ ಮತ್ತೊಬ್ಬಗ ಕೊಟ್ಟಿದ್ದು ಇನ್ಸ್ಪೆಕ್ಟರಗ ಗೊತ್ತಾದ್ರ ನನ್ನ ಅಂಗಡಿ ಹೋಗ್ತದ. ಮೂರು ಮಂದಿ ಬಾಳಿಸಿದ ಅಂಗಡಿ. ಆದ್ರೂ ಬಂದು ಹೇಳೀನಿ. ನನ್ನ ವಹಿಯಿಂದ ಹೆಸರು ಹೊರಗ ಹೋತು, ಅದೂ ಸುಳ್ಳಾಗಿ ಹೋತು. ಇನ್ನ ನಿಮಗ ಬಿಟ್ಟದ್ದು."

"ನೀವೇನ್ ತಪ್ಪ ಮಾಡೀರಿ, ಮಾಡಿದಾಕಿ ನಾನು" ಎಂದೆ. ಅವರು ಪ್ರಸಾದದ ಪೊಟ್ಟಣದಿಂದ ಒಂದು ಚೂರು ನನ್ನ ಕೈಗೆ ಹಾಕಿ ಬಸ್ಸಿಗೆ ಹೋದರು.

ಆ ಶನಿವಾರ ಶಾಲೆ ಮುಗಿಸಿ ಮತ್ತೆ ಸೊಲ್ಲಾಪುರಕ್ಕೆ ಹೋದೆ. ಈ ಸಲ ಅವ್ವನಿಗೆ ಸುಳ್ಳು ಹೇಳಲಿಲ್ಲ. "ಒಬ್ಬರ ಕ್ಷಮಾ ಕೇಳೂದದ" ಎಂದೆ. ಸಂಜೆ ಐದರ ಸುಮಾರಿಗೆ ಬಾರಿನ ಓಣಿಗೆ ಬಂದಾಗ ಬಿಸಿಲು ಇನ್ನೂ ಇತ್ತು. ಬಾರಿನ ಹೊರಗಿನ ಕಟ್ಟೆಯ ಮೇಲೆ ವಸಂತ ಕುಳಿತಿದ್ದರು, ಮಡಿಸಿದ ಪೇಪರ್ ತೊಡೆಯ ಮೇಲೆ. ನನ್ನನ್ನು ಕಂಡು ಎದ್ದು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತುಹೋಯಿತು. "ನನ್ನಿಂದ ಭಾಳ ದೊಡ್ಡ ತಪ್ಪಾಗ್ಯದ. ನನಗ ಎಲ್ಲಾ ಗೊತ್ತಾತು. ನಿಮ್ಮ ಹೆಸರಿಗೆ ಕೆಸರ ಹಚ್ಚಿದೆ. ಕ್ಷಮಾ ಮಾಡ್ರಿ" ಎಂದೆ.

ಅವರು ಬಾಗಿಲ ಕಡೆ ನೋಡಿದರು. "ನರಸಪ್ಪ ಮಾಮಾ ಹೇಳಿರಬೇಕು" ಎಂದರು. "ಅಪ್ಪಗ ಗೊತ್ತಾಗೂದು ಬ್ಯಾಡ್ರಿ. ಗೊತ್ತಾದ್ರ ಇಲ್ಲಿಗಿ ಬರೂದು ಬಿಡ್ತಾನ, ಹಾತಭಟ್ಟಿಗೆ ಹೋಗ್ತಾನ."

"ನಾ ಯಾರಿಗೂ ಹೇಳಂಗಿಲ್ಲ. ಕಾಕಾಗ ನಂದಽ ತಪ್ಪು ಅಂತ ಹೇಳ್ತೀನಿ. ಅವರನ್ನ ನಿಮ್ಮನಿಗಿ ಕಳಸ್ತೀನಿ. ಮತ್ತ..." ಮುರಿದ ಸಂಬಂಧವನ್ನು ಕೂಡಿಸಬಹುದೇ ಎಂದು ಕೇಳಬೇಕೆಂದಿದ್ದೆ.

ಅವರಿಗೆ ತಿಳಿಯಿತೆಂದು ಕಾಣುತ್ತದೆ. ಪೇಪರನ್ನು ಕಂಕುಳಲ್ಲಿ ಸೇರಿಸಿಕೊಂಡು ಹೇಳಿದರು. "ಬ್ಯಾಡ್ರಿ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹೆಣ್ಣಮಗಳು ಒಬ್ಬಾಕಿನಽ ದಾರೂ ಅಂಗಡಿ ಒಳಗ ಹೋಗಿ ಕೇಳೂ ಧೈರ್ಯ ನಿಮಗಿತ್ತು. ನನ್ನ ಮುಂದ ಕೂತಾಗ ನನ್ನಽ ಯಾಕ ಕೇಳಲಿಲ್ಲ? ಕೇಳಿದ್ರ ನಾ ಖರೇ ಹೇಳ್ತಿದ್ದೆ. ಅಪ್ಪನ ವಿಷಯಾನೂ ಹೇಳ್ತಿದ್ದೆ."

ನಾನು ಉತ್ತರ ಕೊಡಲಿಲ್ಲ. ಆಗಲೇ ಒಳಗಿನಿಂದ ಅವರ ತಂದೆ ಬಂದರು. ಕಪ್ಪು ಟೋಪಿ, ಇಸ್ತ್ರಿ ಮಾಡಿದ ಕೋಟು. ಹೆಜ್ಜೆ ಮಾತ್ರ ಮೆಲ್ಲಗೆ. ಅಕ್ಕಲಕೋಟಕ್ಕೆ ನೋಡಲು ಬಂದ ದಿನ ಅವರಿಗೆ ಜ್ವರವೆಂದು ಬಂದಿರಲಿಲ್ಲ, ಹಾಗಾಗಿ ನನ್ನ ಗುರುತು ಅವರಿಗೆ ಸಿಗಲಿಲ್ಲ. "ಯಾರೋ ವಸಂತಾ ಇವರು?" ಎಂದರು.

ವಸಂತ ನನ್ನನ್ನು ಒಂದು ಸಲ ನೋಡಿದರು. ಹೇಳಿಬಿಡುತ್ತಾರೆ ಎಂದುಕೊಂಡೆ. ನಿನ್ನ ಮಗನನ್ನು ಕುಡುಕ ಎಂದವಳು ಇವಳೇ ಎಂದರೆ ಅಲ್ಲಿಗೆ ಅವರ ತಲೆಯ ಮೇಲಿನ ಅಪವಾದವೂ ಇಳಿಯುತ್ತಿತ್ತು, ನನಗೂ ತಕ್ಕ ಶಾಸ್ತಿಯಾಗುತ್ತಿತ್ತು.

"ಪರ ಊರಾವ್ರಪ್ಪಾ. ಸ್ಟ್ಯಾಂಡಿನ ದಾರಿ ಕೇಳಾಕತ್ತಾರ" ಎಂದರು.

ಮುದುಕರು ಬಹಳ ಅಕ್ಕರೆಯಿಂದ ಕೈ ತೋರಿಸಿದರು. "ಹಿಂಗ ನೆಟ್ಟಗ ಹೋಗ್ರಿ ಮಗಳಽ, ಮುಂದ ಎಡಕ್ಕ ಹೊಳ್ರಿ. ಈ ಓಣ್ಯಾಗ ಒಬ್ಬಾಕಿ ನಿಂದರಬ್ಯಾಡ್ರಿ, ಕುಡುಕರ ಓಣಿ ಇದು" ಎಂದರು. ಆಮೇಲೆ ಮಗನ ಭುಜ ಹಿಡಿದರು. ಇಬ್ಬರೂ ನಡೆದು ಹೋದರು. ನಾನು ಅವರು ತೋರಿಸಿದ ಕಡೆಗೇ ಹೊರಟೆ. ದಾರಿ ನನಗೆ ಗೊತ್ತೇ ಇತ್ತು. ಕಣ್ಣೀರಿನಲ್ಲಿ ಮುಂದಿನದು ಕಾಣುತ್ತಿರಲಿಲ್ಲ, ಅಷ್ಟೇ.

ಕಾಕಾನಿಗೆ, ನಾನು ನೋಡಿದ್ದು ಬೇರೆಯವರನ್ನು ಎಂದು ಹೇಳಿದೆ. ಬೈದ, ಬೈಸಿಕೊಂಡೆ. ಅವನು ಅಂಗಡಿಯಲ್ಲಿ ಬಂದವರ ಮುಂದೆಲ್ಲ, "ನಮ್ಮ ಹುಡುಗಿ ಕಣ್ಣು ಮಂಜು" ಎಂದು ಹೇಳಿಕೊಂಡು ತಿರುಗಿದ. ಅದರಿಂದ ವಸಂತರ ಹೆಸರು ಎಷ್ಟು ಶುದ್ಧವಾಯಿತೋ ಗ್ಯಾರಂಟಿ ಇಲ್ಲ. ಕೆಟ್ಟ ಸುದ್ದಿ ಓಡಿದಷ್ಟು ಬೇಗ ಅದರ ತಿದ್ದುಪಡಿ ಓಡುವುದಿಲ್ಲ. ತೆಂಗಿನಕಾಯಿ ಹಿಡಿದು ಅವರ ಮನೆಗೂ ಹೋಗಿ ಬಂದ. ಅವರು ಮರ್ಯಾದೆಯಿಂದ ಚಹಾ ಕೊಟ್ಟು, ಬೇಡವೆಂದು ಕಳಿಸಿದರು. ಎರಡು ವರ್ಷದ ಮೇಲೆ ವಸಂತರಿಗೆ ಬೇರೆ ಕಡೆ ಮದುವೆಯಾಯಿತೆಂದು ಕುಸುಮಕ್ಕ ಹೇಳಿದರು. ನನ್ನದೂ ಆಯಿತು. ನನ್ನ ಯಜಮಾನರು ನೋಡಲು ಬಂದಾಗ ಹಿರಿಯರೆಲ್ಲರ ಮುಂದೆ ನಾನೇ ಕೇಳಿದೆ, "ನೀವು ಕುಡೀತೀರೇನ್ರಿ?" ಎಂದು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವರು, "ಇಲ್ಲ. ತಂಬಾಕ ಹಾಕ್ತೀನಿ" ಎಂದರು. ಮದುವೆಯಾಗಿ ಚೆನ್ನಾಗಿಯೇ ಬಾಳಿದೆವು. ತಂಬಾಕನ್ನು ಮಾತ್ರ ಬಿಡಿಸಲಾಗಲಿಲ್ಲ.

ನರಸಪ್ಪನವರು ಇರುವತನಕ ಅಂಗಡಿ ನಡೆಯಿತು, ಲಾಯ್ಸೆನ್ಸಿಗೆ ಏನೂ ಆಗಲಿಲ್ಲ. ಅವರ ನಂತರ ಮಕ್ಕಳು ಕಟ್ಟಡವನ್ನು ಕೊಟ್ಟುಬಿಟ್ಟರು. ಈಗ ಅಲ್ಲಿ ಚಾದರದ ಗೋದಾಮಿದೆ. ವಸಂತರ ತಂದೆಯೂ ತೀರಿ ಬಹಳ ವರ್ಷವಾಯಿತು.

ನಾನಿಲ್ಲಿ ವಸಂತ ಎಂದು ಕರೆದವರು ಎಲ್ಲಾದರೂ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು ಹೇಳುವುದಿದೆ. ಅಂದು ಕಟ್ಟೆಯ ಹತ್ತಿರ ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಉತ್ತರ ಗೊತ್ತಿಲ್ಲದೆ ಅಲ್ಲ, ನಾಚಿಕೆಯಿಂದ. ಚಹಾ ಚೆಲ್ಲಿಕೊಂಡು ನಕ್ಕಿರಲ್ಲ, ಆ ಹೊತ್ತಿಗೇ ನೀವು ನನಗೆ ಬಹಳ ಇಷ್ಟವಾಗಿದ್ದಿರಿ. ಕೇಳಿದರೆ ನೀವು ಸುಳ್ಳು ಹೇಳಿದರೂ ನಾನು ನಂಬಿಬಿಡುತ್ತೇನೆ ಎಂದು ಹೆದರಿ ನಿಮ್ಮನ್ನು ಕೇಳಲಿಲ್ಲ.